ನೆಲ್ಸನ್ನನ ಕಣ್ಣು, ಹೈದರಾಲಿಯ ಹಡಗು ಮತ್ತು ಒಂದು ಬಾಕಿ ಅಂಕ

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪ್ರತಿ ವರ್ಷ ಡಿಸೆಂಬರ್ 4ರ ನೌಕಾಪಡೆ ದಿನಕ್ಕೆ ಮಕ್ಕಳಿಗೆ ರಸಪ್ರಶ್ನೆ ಇಡುತ್ತೇನೆ. ಹೋದ ವರ್ಷ ‘ಭಾರತೀಯ ನೌಕಾಪಡೆಯ ಮೊದಲ ಮುಖ್ಯಸ್ಥರು ಯಾರು?’ ಎಂದು ಕೇಳಿದಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು ‘ಹಾಲ್’ ಅಂದಳು. ನನ್ನ ಚೀಟಿಯಲ್ಲಿ ‘ಕಟಾರಿ’ ಎಂದಿತ್ತು, ಅಂಕ ಕೊಡಲಿಲ್ಲ. ಅದೇ ಒಂದು ಅಂಕದಿಂದ ಅವಳ ತಂಡ ಸೋತಿತು. ಮರುದಿನ ಅವಳಪ್ಪ ಶಾಲೆಗೇ ಬಂದರು. ಅದಕ್ಕೇ ಈ ಸಲ ಪ್ರಶ್ನೆಗಳನ್ನು ಮೊದಲೇ ನಿಮಗೆ ಕಳಿಸುತ್ತಿದ್ದೇನೆ. ಬ್ರಿಟನ್ನಿನ ಅಡ್ಮಿರಲ್ ನೆಲ್ಸನ್ ಕುರುಡು ಕಣ್ಣಿಗೆ ದುರ್ಬೀನು ಹಿಡಿದದ್ದು ನಿಜವೇ? ಅವನ ದೇಹವನ್ನು ರಮ್ಮಿನ ಪೀಪಾಯಿಯಲ್ಲಿ ತಂದರೇ? ಜಗತ್ತಿನ ಮೊದಲ ಕಬ್ಬಿಣದ ಹೊದಿಕೆಯ ಹಡಗು ಕೊರಿಯಾದ ಅಡ್ಮಿರಲ್ ಯಿ ಸುನ್-ಸಿನ್ ಕಟ್ಟಿಸಿದ್ದೇ? ಕಂಪ್ಯೂಟರಿನ ದೋಷಕ್ಕೆ ಹೇಳುವ ‘ಬಗ್’ (ಹುಳ) ಎಂಬ ಪದ ಮಹಿಳಾ ಅಡ್ಮಿರಲ್ ಒಬ್ಬರು ಕೊಟ್ಟದ್ದೇ? ಕಾರವಾರದ ಐಎನ್‌ಎಸ್ ಚಪಲ್ ಕರಾಚಿ ದಾಳಿಗೆ ಹೋಗಿತ್ತೇ? ಕರ್ನಾಟಕಕ್ಕೆ ಸಂಬಂಧಪಟ್ಟ ಒಂದೆರಡು ಪ್ರಶ್ನೆ ಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ: ಮೇಷ್ಟ್ರೇ, ಜಗಳದಿಂದಲೇ ಶುರು ಮಾಡೋಣ. ಆ ಹುಡುಗಿ ಹೇಳಿದ್ದು ಸರಿ. ನಿಮ್ಮ ಚೀಟಿಯಲ್ಲಿದ್ದದ್ದೂ ಸರಿಯೇ. ಎಡವಟ್ಟಾಗಿದ್ದು ಪ್ರಶ್ನೆಯಲ್ಲಿ.

1947ರ ಆಗಸ್ಟ್ 15ರಂದು ನಮ್ಮ ನೌಕಾಪಡೆಯ ಹೊಣೆ ಹೊತ್ತವರು ರಿಯರ್ ಅಡ್ಮಿರಲ್ ಜೆ.ಟಿ.ಎಸ್. ಹಾಲ್, ಬ್ರಿಟಿಷ್ ಅಧಿಕಾರಿ. ಆಗಿನ್ನೂ ಪಡೆಯ ಹೆಸರು ರಾಯಲ್ ಇಂಡಿಯನ್ ನೇವಿ. 1950ರ ಜನವರಿ 26ರಂದು ‘ರಾಯಲ್’ ಉದುರಿ ಬರೀ ಇಂಡಿಯನ್ ನೇವಿ ಆಯಿತು. ಆ ದಿನ ಆ ಕುರ್ಚಿಯಲ್ಲಿದ್ದವರು ಎಡ್ವರ್ಡ್ ಪ್ಯಾರಿ. ‘ಕಮಾಂಡರ್ ಇನ್ ಚೀಫ್’ ಎಂಬ ಬಿರುದು ಹೋಗಿ ‘ಚೀಫ್ ಆಫ್ ದ ನೇವಲ್ ಸ್ಟಾಫ್’ ಬಂದದ್ದು 1955ರಲ್ಲಿ, ಮಾರ್ಕ್ ಪಿಜಿಯವರ ಕಾಲಕ್ಕೆ. ಭಾರತೀಯರೊಬ್ಬರು ಆ ಜಾಗಕ್ಕೆ ಬಂದದ್ದು 1958ರ ಏಪ್ರಿಲ್ 22ರಂದು, ಅವರೇ ನಿಮ್ಮ ಚೀಟಿಯ ಆರ್.ಡಿ. ಕಟಾರಿ. ಅವರ ದರ್ಜೆಯೂ ವೈಸ್ ಅಡ್ಮಿರಲ್. ನಾಲ್ಕು ನಕ್ಷತ್ರದ ಪೂರ್ಣ ಅಡ್ಮಿರಲ್ ಆದ ಮೊದಲಿಗರು ಎ.ಕೆ. ಚಟರ್ಜಿ, ಅದು 1968ರಲ್ಲಿ. ಹೀಗೆ ಒಂದು ಪ್ರಶ್ನೆಗೆ ಐದು ಹೆಸರು ಕೈ ಎತ್ತಿ ನಿಲ್ಲುತ್ತವೆ. ‘ನೌಕಾಪಡೆಯ ಮುಖ್ಯಸ್ಥರಾದ ಮೊದಲ ಭಾರತೀಯ ಯಾರು?’ ಎಂದು ಕೇಳಿದ್ದರೆ ಅವಳಪ್ಪ ಆ ದಿನ ಮನೆಯಲ್ಲೇ ಇರುತ್ತಿದ್ದರು.

ಪ್ಯಾರಿಯವರ ಹೆಸರು ಬಂದದ್ದಕ್ಕೆ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಆ ಐದರಲ್ಲಿ ಒಳ್ಳೆಯ ಪ್ರಶ್ನೆ ಇರುವುದು ಅವರಲ್ಲೇ. 1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ರಿವರ್ ಪ್ಲೇಟ್ ಬಳಿ ಬ್ರಿಟನ್ನಿನ ಕಡೆಯ ಮೂರು ಕ್ರೂಸರ್ ಯುದ್ಧನೌಕೆಗಳು ಜರ್ಮನಿಯ ಗ್ರಾಫ್ ಶ್ಪೇ ಎಂಬ ಯುದ್ಧನೌಕೆಯನ್ನು ಬೆನ್ನಟ್ಟಿದವು. ಅವುಗಳಲ್ಲೊಂದು ಅಕಿಲೀಸ್, ಅದರ ಕ್ಯಾಪ್ಟನ್ ಇದೇ ಪ್ಯಾರಿ. ಯುದ್ಧ ಮುಗಿದ ಮೇಲೆ, 1948ರಲ್ಲಿ, ಅದೇ ಅಕಿಲೀಸನ್ನು ಭಾರತ ಕೊಂಡು ‘ಡೆಲ್ಲಿ’ ಎಂದು ಹೆಸರಿಟ್ಟಿತು. ಅದು ನಮ್ಮ ಪಡೆಯ ಮುಂಚೂಣಿಯ ಹಡಗಾಯಿತು. ಅದೇ ವರ್ಷ ಪ್ಯಾರಿ ನಮ್ಮ ನೌಕಾಪಡೆಯ ಮುಖ್ಯಸ್ಥರಾಗಿ ಬಂದರು. ಹಳೇ ಹಡಗು, ಹಳೇ ಕ್ಯಾಪ್ಟನ್, ಬೇರೆ ದೇಶದ ಬಾವುಟ! 1956ರಲ್ಲಿ ಆ ಕಾಳಗದ ಬಗ್ಗೆ ಸಿನಿಮಾ ಬಂದಾಗ ಅಕಿಲೀಸಿನ ಪಾತ್ರ ಮಾಡಿದ್ದು ನಮ್ಮ ಐಎನ್‌ಎಸ್ ಡೆಲ್ಲಿಯೇ, ಅಂದರೆ ತನ್ನ ಪಾತ್ರ ತಾನೇ. ‘ಬ್ರಿಟನ್ನಿನ ಸಿನಿಮಾದಲ್ಲಿ ತನ್ನದೇ ಪಾತ್ರ ಮಾಡಿದ ಭಾರತದ ಯುದ್ಧನೌಕೆ ಯಾವುದು?’ ಇದಕ್ಕೆ ಎರಡನೇ ಉತ್ತರ ಹುಡುಕುವುದು ಕಷ್ಟ.

‘ಮೊದಲ’, ‘ಅತಿ ಹಳೆಯ’, ‘ಒಮ್ಮೆಯೂ ಸೋಲದ’ ಎಂಬ ಮಾತು ಪ್ರಶ್ನೆಯಲ್ಲಿ ಬಂತೆಂದರೆ ನಾನು ಪೆನ್ನು ಕೆಳಗಿಟ್ಟು ಒಂದು ಲೋಟ ಚಹಾ ಕುಡಿದು ಬರುತ್ತೇನೆ. ಉದಾಹರಣೆಗೆ, ಈಗಲೂ ಸೇವೆಯ ಪಟ್ಟಿಯಲ್ಲಿರುವ ಅತಿ ಹಳೆಯ ಯುದ್ಧನೌಕೆ ಯಾವುದು? 1765ರಲ್ಲಿ ನೀರಿಗಿಳಿದ ಬ್ರಿಟನ್ನಿನ ವಿಕ್ಟರಿ. ಆದರೆ ಅದು 1922ರಿಂದ ಪೋರ್ಟ್ಸ್‌ಮೌತಿನ ಒಣ ಡಾಕಿನಲ್ಲಿ ಕೂತಿದೆ. ನೀರಿನ ಮೇಲೆ ತೇಲುತ್ತಿರಬೇಕು ಅಂದಿರಾ, ಉತ್ತರ ಬದಲಾಯಿತು: ಅಮೆರಿಕದ ಕಾನ್‌ಸ್ಟಿಟ್ಯೂಶನ್, 1797. ‘ತೇಲುತ್ತಿರುವ’ ಎಂಬ ಒಂದೇ ಪದ ಸೇರಿಸಿದರೆ ಮೂವತ್ತೆರಡು ವರ್ಷ ಈಚೆಗೆ ಜಿಗಿಯುತ್ತದೆ.

ಈಗ ನೆಲ್ಸನ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಇದು ನನ್ನ ಕಸುಬಿನ ವಿಷಯ. ನಾನು ನೌಕಾಪಡೆಯಲ್ಲಿ ಸಿಗ್ನಲ್ ವಿಭಾಗದಲ್ಲಿದ್ದವನು. ಬಾವುಟ ಕಟ್ಟುವುದು, ಬಾವುಟ ಓದುವುದು, ದೀಪದಲ್ಲಿ ಟಕಟಕ ಮಾತಾಡುವುದು. ರೇಡಿಯೋ ಎಷ್ಟೇ ಬಂದರೂ ಈ ವಿದ್ಯೆ ಹೋಗಿಲ್ಲ.

ಜನ ಹೇಳುವ ಕಥೆ ಹೀಗೆ: 1801ರ ಏಪ್ರಿಲ್ 2, ಕೋಪನ್‌ಹೇಗನ್ ಕಾಳಗ. ಹಿರಿಯ ಅಡ್ಮಿರಲ್ ಹೈಡ್ ಪಾರ್ಕರ್ ದೂರದಲ್ಲಿದ್ದಾನೆ, ನೆಲ್ಸನ್ ಎಲಿಫೆಂಟ್ ಎಂಬ ಹಡಗಿನಲ್ಲಿ ಕಾಳಗದ ನಡುವೆ ಇದ್ದಾನೆ. ಪಾರ್ಕರ್ ‘ಹಿಂದೆ ಸರಿಯಿರಿ’ ಎಂದು ಬಾವುಟ ಏರಿಸುತ್ತಾನೆ. ನೆಲ್ಸನ್ ತನ್ನ ಕುರುಡು ಬಲಗಣ್ಣಿಗೆ ದುರ್ಬೀನು ಹಿಡಿದು ‘ನನಗೆ ಯಾವ ಸಿಗ್ನಲ್ಲೂ ಕಾಣಿಸುತ್ತಿಲ್ಲ’ ಅನ್ನುತ್ತಾನೆ.

ಪಾರ್ಕರನ ಸಿಗ್ನಲ್ ನಿಜ. ಅದರ ಸಂಖ್ಯೆ 39, ‘ಕಾಳಗ ನಿಲ್ಲಿಸಿ’ ಎಂದು ಅರ್ಥ. ನೆಲ್ಸನ್ ಅದನ್ನು ಪಾಲಿಸಲಿಲ್ಲ ಎನ್ನುವುದೂ ನಿಜ. ತನ್ನ ಹಡಗಿನ ಮೇಲೆ 16ನೇ ಸಂಖ್ಯೆಯ ಸಿಗ್ನಲ್ಲನ್ನು, ‘ಇನ್ನೂ ಹತ್ತಿರ ಹೋಗಿ ಹೊಡೆಯಿರಿ’ ಎಂಬುದನ್ನು, ಹಾಗೇ ಹಾರಾಡಲು ಬಿಟ್ಟ. ದುರ್ಬೀನಿನ ಪ್ರಸಂಗ ಮಾತ್ರ ಅಚ್ಚಿನಲ್ಲಿ ಓದುಗರ ಕೈಗೆ ಬಂದದ್ದು ಅವನು ಸತ್ತ ಮೇಲೆ. ಆ ಹಡಗಿನಲ್ಲೇ ಇದ್ದ ಕರ್ನಲ್ ಸ್ಟುವರ್ಟ್ ಎಂಬವನ ಹೆಸರಿನಲ್ಲಿ ಅದು ಬಂತು.

ಆದರೆ ಸ್ಟುವರ್ಟ್ ಹೇಳಿದ್ದರಲ್ಲೇ ಇನ್ನೊಂದು ಮಾತಿದೆ. ಸಿಗ್ನಲ್ ಅಧಿಕಾರಿ ಬಂದು ‘39 ಕಂಡಿದೆ, ನಮ್ಮ ಹಿಂದಿನವರಿಗೆ ದಾಟಿಸಲೇ?’ ಎಂದು ಕೇಳಿದಾಗ ನೆಲ್ಸನ್ ‘ಬೇಡ, ತಲುಪಿತು ಅಂತ ಮಾತ್ರ ತಿಳಿಸು’ ಅಂದನಂತೆ. ಬಾವುಟದ ಭಾಷೆಯಲ್ಲಿ ‘ತಲುಪಿತು’ ಎಂದರೆ ಏನು ಗೊತ್ತೇ? ನೋಡಿದೆ ಎಂದು. ಸಿಗ್ನಲ್ ಮುಟ್ಟಿದೆ ಎಂದು ಒಪ್ಪಿಕೊಂಡು, ಆಮೇಲೆ ಕಾಣಲಿಲ್ಲ ಎನ್ನುವುದು ತನ್ನ ಮೇಲಿನವನಿಗೆ ಹೇಳಿದ ನೆಪ ಆಗಲಾರದು. ಪಕ್ಕದಲ್ಲಿದ್ದವರನ್ನು ನಗಿಸಲು ಆಡಿದ ಮಾತು ಆಗಿರಬಹುದು, ಅಷ್ಟೇ. ಅವನು ಕಣ್ಣಿದ್ದೂ ಕುರುಡನಾದವನಲ್ಲ, ಕಂಡೂ ಕೇಳದವನು. ನಾನಾದರೆ ಈ ಕಥೆಯನ್ನು ‘ನಿಜವೋ ಸುಳ್ಳೋ’ ಎಂದು ಕೇಳುವುದಿಲ್ಲ. ‘ಕೋಪನ್‌ಹೇಗನ್ನಿನಲ್ಲಿ ನೆಲ್ಸನ್ ಯಾರ ಸಿಗ್ನಲ್ ಪಾಲಿಸಲಿಲ್ಲ?’ ಎಂದು ಕೇಳುತ್ತೇನೆ.

ಆ ಸಿಗ್ನಲ್ಲನ್ನು ಪಾಲಿಸಿದವನೊಬ್ಬನೂ ಇದ್ದ, ಅವನನ್ನು ಯಾರೂ ನೆನೆಯುವುದಿಲ್ಲ. ಫ್ರಿಗೇಟುಗಳ, ಅಂದರೆ ಚಿಕ್ಕ ವೇಗದ ಯುದ್ಧನೌಕೆಗಳ ಮುಂದಾಳು ಕ್ಯಾಪ್ಟನ್ ಎಡ್ವರ್ಡ್ ರಿಯೂ. ದೊಡ್ಡ ಕೋಟೆಯ ಫಿರಂಗಿಗಳಿಗೆ ಎದುರಾಗಿ ನಿಂತಿದ್ದ. 39 ಕಂಡಿತು, ಹಡಗು ತಿರುಗಿಸಿದ. ‘ನೆಲ್ಸನ್ ನಮ್ಮ ಬಗ್ಗೆ ಏನಂದುಕೊಂಡಾನು’ ಎಂದು ಕೊರಗಿದನಂತೆ. ತಿರುಗುವಾಗ ಹಡಗಿನ ಹಿಂಬದಿ ಶತ್ರುವಿಗೆ ಎದುರಾಯಿತು, ಗುಂಡು ಬಡಿದು ಅವನು ಅಲ್ಲೇ ಸತ್ತ. ಆಜ್ಞೆ ಮೀರಿದವನಿಗೆ ಹೆಸರು ಬಂತು, ಪಾಲಿಸಿದವನಿಗೆ ಸಾವು.

ಕಣ್ಣಿನ ವಿಷಯಕ್ಕೆ ಬಂದರೆ, ಆ ಕಣ್ಣು ಹೋದದ್ದು 1794ರಲ್ಲಿ ಕಾರ್ಸಿಕಾದ ಕಾಲ್ವಿಯಲ್ಲಿ. ಗುಂಡು ತಾಗಿ ಎದ್ದ ಕಲ್ಲುಮಣ್ಣು ಸಿಡಿದು ದೃಷ್ಟಿ ಮಂಕಾಯಿತು. ಕಣ್ಣುಗುಡ್ಡೆ ಇದ್ದಹಾಗೇ ಇತ್ತು, ಹಾಗಾಗಿ ಅವನು ಕಪ್ಪು ಪಟ್ಟಿ ಕಟ್ಟಿದವನೇ ಅಲ್ಲ. ಬಲಗೈ ಹೋದದ್ದು 1797ರಲ್ಲಿ, ಟೆನೆರಿಫ್‌ನಲ್ಲಿ. ನಿಮ್ಮ ಪ್ರಶ್ನೆಪತ್ರಿಕೆಗೆ ಅವನ ಚಿತ್ರ ಹಾಕುವುದಾದರೆ ಕಣ್ಣಿಗೆ ಪಟ್ಟಿ ಇರುವ ಚಿತ್ರ ಬೇಡ, ಅದು ನಾಟಕದ ಕಡಲ್ಗಳ್ಳನ ವೇಷ. ಇನ್ನು ರಮ್ಮು ಅಲ್ಲ, ಬ್ರಾಂದಿ. ಟ್ರಫಾಲ್ಗರ್ ಕಾಳಗದಲ್ಲಿ ನೆಲ್ಸನ್ ಸತ್ತ ನಂತರ ಅವನ ಹಡಗು ವಿಕ್ಟರಿಯ ವೈದ್ಯ ವಿಲಿಯಂ ಬೀಟಿ ದೇಹವನ್ನು ಬ್ರಾಂದಿ ತುಂಬಿದ ಪೀಪಾಯಿಯಲ್ಲಿಟ್ಟ. ನಾವಿಕರು ಅದಕ್ಕೆ ತೂತು ಕೊರೆದು ಕುಡಿದರು ಎಂಬುದು ಪಡಖಾನೆಯ ಕಥೆ. ಮಕ್ಕಳ ರಸಪ್ರಶ್ನೆಗೆ ಇವೆರಡೂ ಬೇಡವೆಂದೇ ನನ್ನ ಅಭಿಪ್ರಾಯ.

ನೆಲ್ಸನ್ ಬೇಕೇ ಬೇಕು ಅಂದರೆ ಅವನ ಬಾವುಟ ತೆಗೆದುಕೊಳ್ಳಿ. 1805ರ ಅಕ್ಟೋಬರ್ 21, ಟ್ರಫಾಲ್ಗರ್. ಮಧ್ಯಾಹ್ನಕ್ಕೆ ಇನ್ನು ಸ್ವಲ್ಪ ಹೊತ್ತಿದೆ. ಗಾಳಿ ತೀರಾ ಮೆಲ್ಲಗೆ ಬೀಸುತ್ತಿದೆ, ಎರಡೂ ಕಡೆಯ ಹಡಗುಗಳು ಮನುಷ್ಯ ನಡೆಯುವ ವೇಗದಲ್ಲಿ ಹತ್ತಿರವಾಗುತ್ತಿವೆ. ನೆಲ್ಸನ್ ತನ್ನ ಸಿಗ್ನಲ್ ಅಧಿಕಾರಿ ಜಾನ್ ಪ್ಯಾಸ್ಕೊನನ್ನು ಕರೆದು ಒಂದು ಸಂದೇಶ ಹೇಳಿದ: ಪ್ರತಿಯೊಬ್ಬನೂ ತನ್ನ ಕರ್ತವ್ಯ ಮಾಡುತ್ತಾನೆಂದು ಇಂಗ್ಲೆಂಡ್ ‘ಭರವಸೆ ಇಟ್ಟಿದೆ’. ಬೇಗ ಹಾರಿಸು, ಇನ್ನೊಂದು ಸಿಗ್ನಲ್ ಬಾಕಿ ಇದೆ ಅಂದ.

ಆಗ ಬಳಕೆಯಲ್ಲಿದ್ದದ್ದು ಹೋಮ್ ಪಾಫಮ್ ಎಂಬ ಅಧಿಕಾರಿ ಮಾಡಿದ ಸಂಕೇತದ ಪುಸ್ತಕ. ಅದರಲ್ಲಿ ಒಂದೊಂದು ಪದಕ್ಕೆ ಒಂದೊಂದು ಸಂಖ್ಯೆ, ಒಂದೊಂದು ಅಂಕಿಗೆ ಒಂದೊಂದು ಬಾವುಟ. ‘ಇಂಗ್ಲೆಂಡ್’ ಅಂದರೆ 253. ಎರಡು, ಐದು, ಮೂರು, ಈ ಮೂರು ಬಾವುಟವನ್ನು ಒಂದರ ಕೆಳಗೊಂದು ಹಗ್ಗಕ್ಕೆ ಸಿಕ್ಕಿಸಿ ಮೇಲೆಳೆದರೆ ಒಂದು ಪದ ಮುಗಿಯಿತು. ಪುಸ್ತಕದಲ್ಲಿಲ್ಲದ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಬೇಕು. ನೆಲ್ಸನ್ ಹೇಳಿದ ‘ಕನ್‌ಫೈಡ್ಸ್’ ಎಂಬ ಪದ ಪುಸ್ತಕದಲ್ಲಿ ಇರಲಿಲ್ಲ. ಎಂಟು ಅಕ್ಷರ, ಅಂದರೆ ಎಂಟು ಸಲ ಹಗ್ಗ ಏರಿಸಿ ಎಂಟು ಸಲ ಇಳಿಸಬೇಕು. ‘ಎಕ್ಸ್‌ಪೆಕ್ಟ್ಸ್’ ಇತ್ತು: 269. ಒಂದೇ ಸಲ. ಪ್ಯಾಸ್ಕೊ ಕೇಳಿದ, ‘ಅದರ ಬದಲು ಇದನ್ನು ಹಾಕಲೇ?’ ನೆಲ್ಸನ್ ಒಪ್ಪಿದ.

ಈ ಮಾತು ಓದಿದಾಗಲೆಲ್ಲ ನನಗೆ ಕೊಚ್ಚಿಯ ಸಿಗ್ನಲ್ ಶಾಲೆ ನೆನಪಾಗುತ್ತದೆ. ಮರದ ಗೂಡುಗಳಲ್ಲಿ ಮಡಿಚಿಟ್ಟ ಬಾವುಟಗಳಿಂದ ಬೇಕಾದ್ದನ್ನು ಕಣ್ಣುಮುಚ್ಚಿ ಎಳೆಯಬೇಕು, ಕೊಂಡಿಗೆ ಕೊಂಡಿ ಸಿಕ್ಕಿಸಬೇಕು, ಒಂದು ತಲೆಕೆಳಗಾದರೆ ಸಂದೇಶವೇ ಬೇರೆ. ಮಳೆಯಲ್ಲಿ ನೆನೆದ ಹಗ್ಗ ಅಂಗೈ ಸುಲಿಯುತ್ತದೆ. ಅಲ್ಲಿ ಒಬ್ಬ ಹಿರಿಯರು ‘ಸಾಹೇಬರ ಭಾಷೆ ತಿದ್ದುವ ಹಕ್ಕು ಸಿಗ್ನಲ್‌ನವನಿಗೆ ಮಾತ್ರ ಉಂಟು’ ಎನ್ನುತ್ತಿದ್ದರು. ಶತ್ರು ಎದುರಿಗೆ ಬರುತ್ತಿರುವಾಗ ಏಳು ಸಲ ಹಗ್ಗ ಎಳೆಯುವುದನ್ನು ಉಳಿಸಿದ ಪ್ಯಾಸ್ಕೊ ನನ್ನ ಮಟ್ಟಿಗೆ ಆ ದಿನದ ಜಾಣ.

ಇಡೀ ಸಂದೇಶ ಹನ್ನೆರಡು ಸಲ ಏರಿತು: ಎಂಟು ಪದಗಳು ಎಂಟು ಸಲ, ಕೊನೆಯ ‘ಡ್ಯೂಟಿ’ ಎಂಬ ಪದ ಪುಸ್ತಕದಲ್ಲಿ ಇಲ್ಲದ್ದರಿಂದ ನಾಲ್ಕು ಅಕ್ಷರಕ್ಕೆ ನಾಲ್ಕು ಸಲ. ಡಿ 4, ಯು 21, ಟಿ 19, ವೈ 24. ಕಣ್ಣು ಚುರುಕಾಗಿರುವ ಮಕ್ಕಳು ಇಲ್ಲಿ ಕೈ ಎತ್ತುತ್ತಾರೆ: ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಟಿ ಇಪ್ಪತ್ತನೆಯದಲ್ಲವೇ, ವೈ ಇಪ್ಪತ್ತೈದಲ್ಲವೇ? ಪಾಫಮನ ಪುಸ್ತಕದಲ್ಲಿ ಐ ಮತ್ತು ಜೆ ಎರಡೂ ಒಂದೇ ಅಕ್ಷರ, ಅದಕ್ಕೇ ಮುಂದಿನವು ಒಂದೊಂದು ಹಿಂದಕ್ಕೆ ಸರಿದವು. ಯು 21ರಲ್ಲೇ ಉಳಿದದ್ದು ಯಾಕೆ? ಅಲ್ಲಿ ವಿ ಮೊದಲು, ಯು ಆಮೇಲೆ. ಈ ಒಂದು ಪ್ರಶ್ನೆಯಲ್ಲಿ ಅರ್ಧ ಗಂಟೆ ಆಟ ಆಡಿಸಬಹುದು. ಅಂದಹಾಗೆ ನೆಲ್ಸನ್ ‘ಬಾಕಿ ಇದೆ’ ಎಂದ ಇನ್ನೊಂದು ಸಿಗ್ನಲ್ ಅದೇ ಹಳೆಯ 16. ಅವನ ದರ್ಜೆ ಆಗ ವೈಸ್ ಅಡ್ಮಿರಲ್, ಪೂರ್ಣ ಅಡ್ಮಿರಲ್ ಆಗುವ ಮೊದಲೇ, ಅಂದೇ ಸಂಜೆ ನಾಲ್ಕೂವರೆ ಹೊತ್ತಿಗೆ ತೀರಿಕೊಂಡ. ಇನ್ನೊಂದು ವಿಚಿತ್ರ: ನಮ್ಮಲ್ಲಿ ಮೊದಲ ನೌಕಾಪಡೆ ದಿನ ಆಚರಿಸಿದ್ದು 1944ರಲ್ಲಿ, ಅದೂ ಇದೇ ಅಕ್ಟೋಬರ್ 21ರಂದು. ಡಿಸೆಂಬರ್ 4 ಬಂದದ್ದು 1971ರ ಯುದ್ಧದ ನಂತರ.

ಯಿ ಸುನ್-ಸಿನ್ ಬಗ್ಗೆ ನಿಮ್ಮ ಪ್ರಶ್ನೆ ತೆಗೆದುಹಾಕಿ. ಅವನ ಆಮೆ ಹಡಗಿನ ಚಾವಣಿಯ ಮೇಲೆ ಶತ್ರುಗಳು ಹತ್ತದ ಹಾಗೆ ಚೂಪಾದ ಮೊಳೆಗಳನ್ನು ನಾಟಿದ್ದರು ಎಂಬುದಕ್ಕೆ ಆ ಕಾಲದ ಬರಹಗಳ ಆಧಾರವಿದೆ. ಕಬ್ಬಿಣದ ತಗಡು ಹೊದಿಸಿದ್ದರು ಎಂಬುದಕ್ಕೆ ಅವನ ಸ್ವಂತ ದಿನಚರಿಯಲ್ಲೂ ಆಧಾರವಿಲ್ಲ. ಅವನಿಗೆ ಆ ಸುಳ್ಳು ಬಿರುದು ಬೇಕಾಗಿಯೂ ಇಲ್ಲ. 1597ರಲ್ಲಿ ಅವನನ್ನು ಪದವಿಯಿಂದ ಇಳಿಸಿ, ಹಿಂಸೆ ಕೊಟ್ಟು, ಸಾಮಾನ್ಯ ಸೈನಿಕನಾಗಿ ಕಳಿಸಿದರು. ಅವನ ಜಾಗಕ್ಕೆ ಬಂದವನು ಹೆಚ್ಚುಕಡಿಮೆ ಇಡೀ ನೌಕಾಬಲವನ್ನು ಒಂದೇ ಕಾಳಗದಲ್ಲಿ ಮುಳುಗಿಸಿಕೊಂಡ. ಮತ್ತೆ ಯಿಯನ್ನೇ ಕರೆದರು. ‘ನೌಕಾಪಡೆ ಬರ್ಖಾಸ್ತು ಮಾಡಿ ನೆಲದ ಮೇಲೆ ಹೋರಾಡು’ ಎಂಬ ಸೂಚನೆ ಬಂದಾಗ ಅವನು ದೊರೆಗೆ ಬರೆದ: ನನ್ನ ಬಳಿ ಇನ್ನೂ ಹನ್ನೆರಡು ಹಡಗಿವೆ. ಮ್ಯೋಂಗ್ನ್ಯಾಂಗ್ ಜಲಸಂಧಿಯಲ್ಲಿ ಕಾಳಗವಾದ ದಿನ ಹದಿಮೂರು ಇದ್ದವು. ಎದುರಿಗೆ ಜಪಾನಿನ ಯುದ್ಧನೌಕೆಗಳೇ ನೂರಕ್ಕೂ ಹೆಚ್ಚು. ಉಬ್ಬರ ಇಳಿತದ ಹೊತ್ತಿಗೆ ನೀರು ದಿಕ್ಕು ಬದಲಿಸುವ ಇಕ್ಕಟ್ಟಿನ ಜಾಗ ಆರಿಸಿಕೊಂಡು ಗೆದ್ದ. ಹಾಗಾಗಿ ಪ್ರಶ್ನೆ ಕೇಳುವಾಗ ಎಚ್ಚರ: ‘ಪತ್ರದಲ್ಲಿ ಎಷ್ಟು’ ಎಂದರೆ 12, ‘ಕಾಳಗದಲ್ಲಿ ಎಷ್ಟು’ ಎಂದರೆ 13. ಇದನ್ನು ಸರಿಯಾಗಿ ಬರೆಯದೆ ಕೇಳಿದರೆ ಮತ್ತೊಬ್ಬರ ಅಪ್ಪ ಬರುತ್ತಾರೆ.

‘ಬಗ್’ ಪದದ್ದೂ ಇದೇ ಹಣೆಬರಹ. ಗ್ರೇಸ್ ಹಾಪರ್ ಅಮೆರಿಕದ ನೌಕಾಪಡೆಯಲ್ಲಿ ರಿಯರ್ ಅಡ್ಮಿರಲ್ ಆಗಿ 1986ರಲ್ಲಿ, 79ನೇ ವಯಸ್ಸಿನಲ್ಲಿ ನಿವೃತ್ತರಾದವರು. ಕಂಪ್ಯೂಟರ್ ಭಾಷೆಗಳ ವಿಷಯದಲ್ಲಿ ಅವರ ಕೆಲಸ ದೊಡ್ಡದು. 1947ರ ಸೆಪ್ಟೆಂಬರಿನಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಯಂತ್ರದ ರಿಲೇ ಎಂಬ ವಿದ್ಯುತ್ ಸ್ವಿಚ್ಚಿನಲ್ಲಿ ಒಂದು ಪತಂಗ ಸಿಕ್ಕಿಕೊಂಡಿತ್ತು, ಅದನ್ನು ಟೇಪ್ ಹಾಕಿ ದಾಖಲೆ ಪುಸ್ತಕಕ್ಕೆ ಅಂಟಿಸಿದರು, ‘ನಿಜವಾದ ಹುಳ ಸಿಕ್ಕ ಮೊದಲ ಪ್ರಕರಣ’ ಎಂದು ಪಕ್ಕದಲ್ಲಿ ಬರೆದರು. ಆ ತಮಾಷೆ ಅರ್ಥವಾಗಬೇಕಾದರೆ ‘ಬಗ್’ ಪದ ಮೊದಲೇ ಇದ್ದಿರಬೇಕಲ್ಲವೇ! ಇತ್ತು. ಎಡಿಸನ್ 1878ರಲ್ಲೇ ಬಳಸಿದ್ದ. ಹುಳ ಹಿಡಿದದ್ದೂ ಹಾಪರ್ ಅಲ್ಲ. ಅವರು ಆ ಕಥೆಯನ್ನು ಸೊಗಸಾಗಿ ಹೇಳುತ್ತಿದ್ದರು, ಕೇಳಿದವರು ಅವರ ಹೆಸರಿಗೇ ಬರೆದುಕೊಂಡರು.

ಇನ್ನು ಚಪಲ್. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಗಾಳಿಮರಗಳ ನಡುವೆ ಇಟ್ಟಿರುವ ಈ ಕ್ಷಿಪಣಿ ದೋಣಿಯನ್ನು ನಮ್ಮ ಕಡೆಯ ಮಕ್ಕಳೆಲ್ಲ ಹತ್ತಿ ಇಳಿದಿದ್ದಾರೆ. ಪ್ರವಾಸಿಗರಿಗಾಗಿ ಬರೆದ ಎಷ್ಟೋ ಬರಹಗಳಲ್ಲಿ ಅದು 1971ರಲ್ಲಿ ಕರಾಚಿಯ ಮೇಲೆ ಬೆಂಕಿ ಸುರಿಸಿತು ಎಂದಿದೆ. ನಮ್ಮೂರಿನ ಹೆಮ್ಮೆ, ಒಪ್ಪಿಕೊಳ್ಳಲು ನನಗೂ ಆಸೆ. ಆದರೆ 1971ರ ಹೊತ್ತಿಗೆ ನಮ್ಮ ಬಳಿ ಇದ್ದ ಕ್ಷಿಪಣಿ ದೋಣಿಗಳು ಎಂಟೇ: ವೀರ್, ವಿದ್ಯುತ್, ವಿಜೇತಾ, ವಿನಾಶ್, ನಿಪಟ್, ನಾಶಕ್, ನಿರ್ಭೀಕ್, ನಿರ್ಘಾತ್. ಹೆಸರೆಲ್ಲ ‘ವ’ ಅಥವಾ ‘ನ’ ಅಕ್ಷರದಿಂದ ಶುರು, ನೋಡಿ. ಚಪಲ್ ಅದರ ನಂತರದ ತಂಡದ್ದು, ನಮ್ಮ ಸೇವೆಗೆ ಸೇರಿದ್ದು 1976ರಲ್ಲಿ. ಯುದ್ಧ ಮುಗಿದು ಐದು ವರ್ಷಕ್ಕೆ ಬಂದ ಹಡಗು ಯುದ್ಧಕ್ಕೆ ಹೋಗಿದ್ದು ಹೇಗೆ? ಅದೇ ಜಾತಿಯ ಅದರ ಅಕ್ಕಂದಿರು ಹೋಗಿದ್ದರು ಅನ್ನಿ, ತಪ್ಪಿಲ್ಲ. ಡಿಸೆಂಬರ್ 4ರ ರಾತ್ರಿ ಕ್ಷಿಪಣಿ ಹಾರಿಸಿದ್ದು ನಿಪಟ್, ನಿರ್ಘಾತ್, ವೀರ್. ಪಾಕಿಸ್ತಾನದ ಖೈಬರ್ ಎಂಬ ಡಿಸ್ಟ್ರಾಯರ್ ಮತ್ತು ಮುಹಾಫಿಜ್ ಎಂಬ ಕಡಲಬಾಂಬು (ಮೈನ್) ಹೆಕ್ಕುವ ಹಡಗು ಆ ರಾತ್ರಿ ಮುಳುಗಿದವು. ಆಗ ನೌಕಾಪಡೆಯ ಮುಖ್ಯಸ್ಥರು ಅಡ್ಮಿರಲ್ ಎಸ್.ಎಂ. ನಂದಾ.

ಅದೇ ಯುದ್ಧದಲ್ಲಿ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿಯನ್ನು ಮುಳುಗಿಸಿದ್ದು ಯಾರು ಎಂದು ಮಾತ್ರ ಕೇಳಬೇಡಿ. ನಮ್ಮವರು ಐಎನ್‌ಎಸ್ ರಾಜಪುತ್ ಅನ್ನುತ್ತಾರೆ, ಅವರು ಒಳಗೇ ಆದ ಅಪಘಾತ ಅನ್ನುತ್ತಾರೆ. ‘ಯಾವ ಬಂದರಿನ ಹೊರಗೆ ಮುಳುಗಿತು?’ ಎಂದು ಕೇಳಿ. ವಿಶಾಖಪಟ್ಟಣ ಎಂಬುದಕ್ಕೆ ಇಬ್ಬರದೂ ಒಪ್ಪಿಗೆ ಇದೆ.

ಕರ್ನಾಟಕದ ಪ್ರಶ್ನೆ ಕೇಳಿದಿರಿ. ನನ್ನ ಗಂಟಿನಲ್ಲಿರುವ ಒಳ್ಳೆಯದನ್ನೇ ಕೊಡುತ್ತೇನೆ. ನೆಲ್ಸನ್ ತನ್ನ ಜೀವನದಲ್ಲಿ ಕಂಡ ಮೊದಲ ಕಾಳಗ ಯಾರ ವಿರುದ್ಧ? ಫ್ರೆಂಚರೂ ಅಲ್ಲ, ಸ್ಪೇನಿನವರೂ ಅಲ್ಲ. ಹೈದರಾಲಿ! 1775ರಲ್ಲಿ ನೆಲ್ಸನ್ ಸೀಹಾರ್ಸ್ ಎಂಬ ಫ್ರಿಗೇಟಿನಲ್ಲಿದ್ದ ಹದಿನಾರರ ಹುಡುಗ. ಹಡಗು ಕಂಪನಿಯ ಹಣ ಹೇರಿಕೊಂಡು ಬೊಂಬಾಯಿಗೆ ಹೋಗುತ್ತಿತ್ತು. ಫೆಬ್ರವರಿ 19ರಂದು ಪಶ್ಚಿಮ ಕರಾವಳಿಯಲ್ಲಿ ಹೈದರನ ಎರಡು ಕೆಚ್‌ಗಳು, ಅಂದರೆ ಎರಡು ಪಟಗಂಬದ ಹಡಗುಗಳು, ಅದರ ಮೇಲೆ ಬಿದ್ದವು. ಸ್ವಲ್ಪ ಹೊತ್ತು ಗುಂಡಿನ ವಿನಿಮಯವಾಯಿತು, ಸೀಹಾರ್ಸ್ ಅವನ್ನು ಓಡಿಸಿತು. ಅಷ್ಟೇ ಕಥೆ. ಮರುವರ್ಷ ಮಲೇರಿಯಾ ಹಿಡಿದು ಹುಡುಗ ಊರಿಗೆ ಮರಳಿದ. ನಮ್ಮ ಕಡಲ ಗುಂಡುಗಳು ಅಂದು ಗುರಿ ಮುಟ್ಟಲಿಲ್ಲ, ನಮ್ಮ ಸೊಳ್ಳೆ ಹೆಚ್ಚು ಕಮ್ಮಿ ಮುಟ್ಟಿತ್ತು.

ಹೈದರನ ಹಡಗುಗಳ ಕೊನೆ ಮಾತ್ರ ದುಃಖದ್ದು. 1780ರ ಡಿಸೆಂಬರಿನಲ್ಲಿ ಬ್ರಿಟಿಷ್ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರು ಬಂದರಿಗೆ ನುಗ್ಗಿ ಅವನ್ನು ನಾಶಮಾಡಿದ. ಆಮೇಲೆ ಹೈದರನಿಗೆ ಕಡಲಲ್ಲಿ ಗತಿಯಾದವನು ಫ್ರಾನ್ಸಿನ ಸಫ್ರೆನ್. 1782ರ ಫೆಬ್ರವರಿಯಿಂದ 1783ರ ಜೂನ್ ತನಕ ಸದ್ರಾಸ್‌ನಿಂದ ಕಡಲೂರಿನವರೆಗೆ, ನಡುವೆ ಸಿಂಹಳದ ನೀರಿನಲ್ಲೂ, ಸಫ್ರೆನ್ ಮತ್ತು ಹ್ಯೂಸ್ ಐದು ಸಲ ಸೆಣಸಿದರು. ಐದರಲ್ಲೂ ಒಬ್ಬರ ದೊಡ್ಡ ಯುದ್ಧನೌಕೆಯನ್ನು ಇನ್ನೊಬ್ಬರು ಸೆರೆಹಿಡಿಯಲಾಗಲಿಲ್ಲ. ಐದನೆಯ ಕಾಳಗ ನಡೆಯುವ ಹೊತ್ತಿಗೆ ಯುರೋಪಿನಲ್ಲಿ ಸಂಧಿಯ ಮಾತು ಮುಗಿದು ತಿಂಗಳುಗಳೇ ಆಗಿದ್ದವು, ಸುದ್ದಿ ಹಡಗಿನಲ್ಲಿ ಬರಬೇಕಾಗಿತ್ತಲ್ಲ. ಹೈದರ್ ಅದನ್ನು ನೋಡಲಿಲ್ಲ, 1782ರ ಡಿಸೆಂಬರ್ 7ರಂದು ತೀರಿಕೊಂಡಿದ್ದ. ‘ಒಬ್ಬರಿಗೊಬ್ಬರು ಐದು ಸಲ ಎದುರಾದ ಇಬ್ಬರು ಅಡ್ಮಿರಲ್‌ಗಳಲ್ಲಿ ಹೈದರನ ಪಕ್ಷದವನು ಯಾರು?’ ಎಂದರೆ ಸಾಕು, ಒಂದೇ ಉತ್ತರ.

ಟಿಪ್ಪು 1796ರಲ್ಲಿ ಹೊಸದಾಗಿ ನೌಕಾಪಡೆ ಕಟ್ಟಲು ಆಜ್ಞೆ ಹೊರಡಿಸಿದ. ಸುಮಾರು ನಲವತ್ತು ದೊಡ್ಡ ಹಡಗುಗಳ ಯೋಜನೆ. ಮೂರೇ ವರ್ಷಕ್ಕೆ ಶ್ರೀರಂಗಪಟ್ಟಣ ಬಿತ್ತು, ಯೋಜನೆ ಬಹುಪಾಲು ಕಾಗದದಲ್ಲೇ ಉಳಿಯಿತು. ಆದರೆ ಆ ಕಾಗದದಲ್ಲಿ ಒಂದು ಪದ ಇದೆ: ನೌಕಾಧಿಪತಿಗಳಿಗೆ ಅವನು ಕೊಟ್ಟ ಹೆಸರು ‘ಮೀರ್ ಬಹರ್’. ಮೀರ್ ಎಂದರೆ ಅಮೀರ್, ಒಡೆಯ. ಬಹರ್ ಎಂದರೆ ಕಡಲು. ಇಂಗ್ಲಿಷಿನ ‘ಅಡ್ಮಿರಲ್’ ಕೂಡ ಇದೇ ಅರಬ್ಬಿಯ ‘ಅಮೀರ್ ಅಲ್’ ಎಂಬ ತುಂಡಿನಿಂದ ಬಂದದ್ದು. ನಡುವಿನ ‘ಡ್’ ಲ್ಯಾಟಿನ್ನಿನಲ್ಲಿ ಮೆಚ್ಚುಗೆ ಎಂಬರ್ಥದ ಮಾತಿನ ಗಾಳಿ ತಗುಲಿ ಸೇರಿಕೊಂಡದ್ದು. ಟಿಪ್ಪುವಿನ ಮೀರ್ ಬಹರನೂ ಅವನ ಶತ್ರುಗಳ ಅಡ್ಮಿರಲ್ಲೂ ಪದದ ಲೆಕ್ಕದಲ್ಲಿ ದಾಯಾದಿಗಳು.

ರಾಣಿ ಅಬ್ಬಕ್ಕನ ಹೆಸರಿನ ಹಡಗಿನ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. 2012ರಲ್ಲಿ ಸೇವೆಗೆ ಸೇರಿದ ‘ರಾಣಿ ಅಬ್ಬಕ್ಕ’ ನೌಕಾಪಡೆಯದ್ದಲ್ಲ, ಕರಾವಳಿ ರಕ್ಷಣಾ ಪಡೆಯದ್ದು. ಬಣ್ಣ ನೋಡಿದರೇ ಗೊತ್ತಾಗುತ್ತದೆ: ನೌಕಾಪಡೆಯ ಹಡಗು ಬೂದಿ ಬಣ್ಣ, ಇವರದ್ದು ಬಿಳಿ, ಪಕ್ಕಕ್ಕೆ ಓರೆಪಟ್ಟಿ. ನಾಲ್ಕು ಆಯ್ಕೆ ಕೊಡುವ ಪ್ರಶ್ನೆಯಲ್ಲಿ ಇದನ್ನು ‘ಐಎನ್‌ಎಸ್’ ಎಂದು ಬರೆಯಬೇಡಿ. ಹಾಗೆಯೇ ಕೊಡಗಿನ ಕಾರ್ಯಪ್ಪನವರು ಫೀಲ್ಡ್ ಮಾರ್ಷಲ್ ಆದರಲ್ಲ, ಅದಕ್ಕೆ ಸಮನಾದ ಐದು ನಕ್ಷತ್ರದ ದರ್ಜೆ ಪಡೆದ ಭಾರತೀಯ ಅಡ್ಮಿರಲ್ ಯಾರು ಎಂದು ಕೇಳಿ ನೋಡಿ. ಸೇನೆಯಲ್ಲಿ ಇಬ್ಬರು, ವಾಯುಪಡೆಯಲ್ಲಿ ಅರ್ಜನ್ ಸಿಂಗ್ ಒಬ್ಬರು, ನೌಕಾಪಡೆಯಲ್ಲಿ ಈ ತನಕ ಒಬ್ಬರೂ ಇಲ್ಲ. ಮಕ್ಕಳು ನಂದಾ ಅನ್ನುತ್ತಾರೆ, ಕಟಾರಿ ಅನ್ನುತ್ತಾರೆ, ಯಾರೂ ‘ಇಲ್ಲ’ ಅನ್ನಲು ಧೈರ್ಯ ಮಾಡುವುದಿಲ್ಲ.

ಸಮಬಲವಾದರೆ ಪಾಫಮನ ನಾಲ್ಕು ಸಂಖ್ಯೆ ಬೋರ್ಡಿನ ಮೇಲೆ ಬರೆಯಿರಿ: 4, 21, 19, 24. ಐ-ಜೆ ಒಂದೇ, ವಿ ಆದಮೇಲೆ ಯು ಎಂದಷ್ಟೇ ಹೇಳಿ. ಮೊದಲು ಬಿಡಿಸಿದ ತಂಡ ಗೆದ್ದ ಹಾಗೆ. ಆಟ ಶುರುವಾಗುವ ಮೊದಲು ಒಂದು ಕೆಲಸ ಇದೆ. ಹೋದ ವರ್ಷ ಎಂಟರಲ್ಲಿದ್ದ ಹುಡುಗಿ ಈಗ ಒಂಬತ್ತರಲ್ಲಿರಬೇಕು. ಅವಳ ಒಂದು ಅಂಕ ನಿಮ್ಮ ಹತ್ತಿರ ಬಾಕಿ ಇದೆ, ಎಲ್ಲರ ಎದುರಿಗೆ ಕೊಟ್ಟುಬಿಡಿ.